ತಳ ಮುಚ್ಚಿದ ಫಿಲ್ಟರ್

ಸವಣೂರಿನ ನಮ್ಮ ಮನೆಯಲ್ಲಿ ಕಾಫಿಯ ಸದ್ದನ್ನು ನಾನು ಮೊದಲು ಕೇಳಿದೆ, ಆಮೇಲೆ ವಾಸನೆ ಹಿಡಿದೆ, ಕುಡಿದದ್ದು ಬಹಳ ತಡವಾಗಿ.

ರಾಜ್ಯ ಒಂದಾದ ಹೊಸತು. ಮೈಸೂರು ಕಡೆಯ ನೌಕರರು ನಮ್ಮ ಕಡೆಗೆ ವರ್ಗವಾಗಿ ಬರತೊಡಗಿದ್ದರು. ಹಾಗೆ ಬಂದ ಶಾಲಾ ಶಿಕ್ಷಕಿಯೊಬ್ಬರು ನಮ್ಮ ಮುಂದಿನ ಖೋಲಿಯನ್ನು ಬಾಡಿಗೆಗೆ ಹಿಡಿದರು. ನಮ್ಮಲ್ಲಿ ಶಿಕ್ಷಕಿಯರನ್ನು ಅಕ್ಕೋರು ಎನ್ನುವುದು ರೂಢಿ. ಅವರು ಬಂದ ಮರುದಿನ ಬೆಳಗಾಗುತ್ತಲೇ ಖೋಲಿಯಿಂದ ಗರಗರ ಸದ್ದು ಕೇಳಿತು. ಬೀಸುಕಲ್ಲಿನ ಸದ್ದು ನನಗೆ ಗೊತ್ತು, ಇದು ಅದಲ್ಲ. ಹಿಂದೆಯೇ ಒಂದು ವಾಸನೆ ಬಂತು. ಅವ್ವ ಗಾಬರಿಯಾಗಿ ಎದ್ದು, ಒಲೆಯ ಮೇಲೆ ಏನಾದರೂ ಸೀದಿದೆಯೇನೋ ಎಂದು ನೋಡಿ ಬಂದಳು.

ನನಗೆ ಮೊದಲಿನಿಂದಲೂ ಊರ ಉಸಾಬರಿ ಜಾಸ್ತಿ. ಎರಡು ದಿನ ಹೇಗೋ ತಡೆದುಕೊಂಡೆ. ಮೂರನೆಯ ದಿನ ಅವರ ಬಾಗಿಲಿಗೆ ಹೋಗಿ ನಿಂತೇಬಿಟ್ಟೆ. ಮೇಜಿನ ಅಂಚಿಗೆ ಕಬ್ಬಿಣದ ಪುಟ್ಟ ಯಂತ್ರವೊಂದನ್ನು ತಿರುಪು ಹಾಕಿ ಕೂರಿಸಿದ್ದರು. ಮೇಲಿನ ಬಟ್ಟಲಿಗೆ ಹುರಿದ ಬೀಜ ಸುರಿದು ಹಿಡಿ ತಿರುಗಿಸಿದರೆ ಕೆಳಗೆ ಕಂದು ಪುಡಿ. ಪಕ್ಕದಲ್ಲಿ ಒಂದರ ಮೇಲೊಂದು ಕೂತ ಎರಡು ಹಿತ್ತಾಳೆಯ ಪಾತ್ರೆಗಳು. ಮೇಲಿನದರ ತಳದ ತುಂಬ ಸೂಜಿಮೊನೆಯಷ್ಟು ತೂತು. ಪುಡಿ ಹಾಕಿ ಕುದಿನೀರು ಹೊಯ್ದು ಮುಚ್ಚಿಟ್ಟರೆ ಕಷಾಯ ಹನಿಹನಿಯಾಗಿ ಕೆಳಗಿನ ಪಾತ್ರೆಗೆ ಇಳಿಯುತ್ತಿತ್ತು. ಚಹಾಪುಡಿಯನ್ನು ಬೆಲ್ಲದ ಜೊತೆ ಕುದಿಸಿ ಅರಿವೆಯಲ್ಲಿ ಸೋಸುವ ನಮಗೆ ಇಷ್ಟೊಂದು ಸಂಭ್ರಮ ಯಾತಕ್ಕೆಂದು ತಿಳಿಯಲಿಲ್ಲ. ಕೇಳಿದೆ. ಅವರು ಬೇಸರಪಡದೆ ಹೇಳಿದರು. ಅದು ಅವರ ತೀರಿಹೋದ ತಾಯಿಯ ಫಿಲ್ಟರ್. ಆಕೆ ಅಂಗಡಿಯಲ್ಲಿದ್ದ ಫಿಲ್ಟರುಗಳನ್ನೆಲ್ಲ ಒಂದೊಂದಾಗಿ ಬೆಳಕಿಗೆ ಹಿಡಿದು, ತೂತುಗಳೆಲ್ಲ ಒಂದೇ ಸಮ ಇದ್ದುದನ್ನು ಆರಿಸಿಕೊಂಡಿದ್ದರಂತೆ. ಅಂಗಡಿಯವನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ನನ್ನ ಓದು ಐದನೆಯ ಇಯತ್ತೆಗೆ ನಿಂತಿತ್ತು. ಆಗ ನನಗೆ ಹತ್ತೊಂಬತ್ತು. ಹೊರಗಿನಿಂದ ಕೂತು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದರೆ ನಾನೂ ಒಂದು ಶಾಲೆಯಲ್ಲಿ ಅಕ್ಕೋರಾಗಬಹುದು ಎಂಬ ಆಸೆಯನ್ನು ಹಚ್ಚಿದವರು ಇವರೇ. ಸಂಜೆ ಅವರ ಖೋಲಿಯಲ್ಲಿ ಪಾಠ ಶುರುವಾಯಿತು. ಅಪ್ಪ ಒಪ್ಪಿದ್ದು ಒಂದೇ ಕರಾರಿನ ಮೇಲೆ. “ಮನ್ಯಾಗ ಕಲಸ್ತಾರ ಅಂದ್ರ ಕಲೀಲಿ. ಇನ್ನೊಬ್ಬರ ಮನಿಗೆ ಪಾಟಿ ಹಿಡಕೊಂಡು ಹೋಗೂದು ಬ್ಯಾಡ,” ಎಂದಿದ್ದ. ಅಪ್ಪನ ಮಾತು ಎಂದರೆ ಮುಗಿಯಿತು, ಅದರಾಚೆ ಹೋಗುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ದೀಪಾವಳಿ ರಜೆಗೆ ಊರಿಗೆ ಹೊರಟಾಗ ಅಕ್ಕೋರು ಹೇಳಿದ ಒಂದು ಮಾತಿಗೆ ನನ್ನ ಪಾಠವೇ ನಿಂತುಹೋಗುವ ಭಯ ಹುಟ್ಟಿತು. ಶಾಲೆಯ ಹಿಂದೆಯೇ ನಲ್ಲಿ ಇರುವ ಮನೆಯೊಂದು ಖಾಲಿಯಾಗಿತ್ತು. “ರಜೆ ಮುಗಿಸಿಕೊಂಡು ಬಂದು ತಿಳಿಸ್ತೀನಿ ಅಂದಿದ್ದೀನಿ,” ಎಂದರು. ಯಂತ್ರ, ಫಿಲ್ಟರ್, ಬೀಜದ ಡಬ್ಬಿ ಎಲ್ಲವನ್ನೂ ಅವ್ವನ ವಶಕ್ಕೆ ಕೊಟ್ಟು ಬಸ್ಸು ಹತ್ತಿದರು.

ಅವ್ವನಿಗೊಂದು ಪದ್ಧತಿಯಿತ್ತು. ಬೇರೆಯವರ ಭಾಂಡೆ ನಮ್ಮ ಮನೆಗೆ ಬಂದರೆ ಬಂದಂತೆ ಹಿಂತಿರುಗಿಸುವುದಿಲ್ಲ, ಉಜ್ಜಿ ಹೊಳಪು ಮಾಡಿಯೇ ಕೊಡಬೇಕು. ಹಬ್ಬಕ್ಕೆಂದು ನಾನು ಹಿರೇಕೆರೂರಿಗೆ, ಅಕ್ಕನ ಮನೆಗೆ ಹೋಗಿದ್ದೆ. ಆ ವಾರ ಕಲಾಯಿ ಮಾಡುವವನು ನಮ್ಮ ಓಣಿಗೆ ಬಂದು ತಿದಿ ಹೂಡಿದ. ಅವ್ವ ನಮ್ಮ ಕೊಡ, ತಪ್ಪೇಲಿಗಳ ಜೊತೆಗೆ ಫಿಲ್ಟರನ್ನೂ ಹಾಕಿದಳು. ನಾನು ವಾಪಸಾದಾಗ ಅದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಕಲಾಯಿಯವನು ಆಡಿದ ಮಾತನ್ನು ಅವ್ವ ಹೆಮ್ಮೆಯಿಂದಲೇ ಒಪ್ಪಿಸಿದಳು. “ತಳಾ ಪೂರಾ ಜಾಳಿಗಿ ಆಗಿತ್ರಿ ಅವ್ವಾರ. ಒಂದೊಂದು ತೂತು ಹುಡುಕಿ ಮುಚ್ಚೇನಿ. ಇನ್ನ ಒಂದ ಹನಿ ಸೋರಿದ್ರ ಕೇಳ್ರಿ,” ಅಂದನಂತೆ. ನೀರು ತುಂಬಿ ತೋರಿಸಿಯೂ ಹೋಗಿದ್ದ. ನಿಜವಾಗಿಯೂ ಒಂದು ಹನಿಯೂ ಸೋರಲಿಲ್ಲ.

ನನಗೆ ನಗು ಬಂತು, ಆಮೇಲೆ ಅದು ಯಾರ ಫಿಲ್ಟರ್ ಎಂಬುದು ನೆನಪಾಯಿತು. ಆ ತೂತುಗಳು ಇದ್ದದ್ದೇ ಸೋರಲಿಕ್ಕೆ ಎಂದು ಬಿಡಿಸಿ ಹೇಳಿದಾಗ ಅವ್ವ ಅಲ್ಲೇ ಕುಸಿದು ಕೂತಳು. “ಚಲೋ ಮಾಡಾಕ ಹೋಗಿ ಹಿಂಗಾತಲ್ಲ. ಸತ್ತ ಅವ್ವನ ನೆನಪಿಂದು ಅಂತಿದ್ರು. ಇನ್ನ ಅವರು ನಮ್ಮನ್ಯಾಗ ಯಾಕ ಇರ್ತಾರ?” ಎಂದಳು. ನನ್ನೊಳಗಿದ್ದ ಭಯವೂ ಅದೇ. ಅವ್ವನ ಮೇಲೆ ವಿಪರೀತ ಸಿಟ್ಟು ಬಂತು, ಅವಳ ಮುಖ ನೋಡಿ ಸಿಟ್ಟು ನುಂಗಿ ಫಿಲ್ಟರನ್ನು ಕೈಗೆತ್ತಿಕೊಂಡೆ.

ಕಲಾಯಿಯವನು ಆಗಲೇ ಹತ್ತಿಮತ್ತೂರಿನ ಕಡೆ ಹೋಗಿಬಿಟ್ಟಿದ್ದ. ಕಲಾಯಿಯ ತವರ ಹಚ್ಚಿದ್ದು ಬೆಂಕಿಯಿಂದಲೇ ಅಲ್ಲವೇ, ಬೆಂಕಿಯಿಂದಲೇ ಬಿಡಿಸಿದರಾಯಿತು ಎಂದು ಹೊಳೆಯಿತು. ಇಕ್ಕಳದಲ್ಲಿ ಹಿಡಿದು ತಳವನ್ನು ಕೆಂಡದ ಮೇಲೆ ಆಡಿಸಿದೆ. ತವರ ಮೆತ್ತಗಾಗಿ ಕದಲಿದ ಕೂಡಲೇ ಅರಿವೆಯಿಂದ ಒರೆಸಿ ಸೂಜಿ ಚುಚ್ಚಿದೆ. ಹೊರಗಿನಿಂದ ನೋಡಿದರೆ ಪ್ರತಿ ತೂತಿನ ಗುರುತು ಸಣ್ಣ ಕುಳಿಯಾಗಿ ಉಳಿದಿತ್ತು, ಅದೇ ನನ್ನ ಪುಣ್ಯ. ಕಾವು ಕಡಿಮೆಯಾದರೆ ಸೂಜಿ ಇಳಿಯುವುದಿಲ್ಲ, ಹೆಚ್ಚಾದರೆ ತವರ ಹರಿದು ಪಕ್ಕದ ತೂತಿಗೆ ಕೂಡುತ್ತದೆ. ಹೆದರಿಕೆಯ ನಡುವೆಯೂ ಆ ಆಟ ನನಗೆ ಹಿಡಿಸಿಬಿಟ್ಟಿತು, ಸುಳ್ಳೇಕೆ ಹೇಳಲಿ. ಮೂರು ಮಧ್ಯಾಹ್ನ ಹೋದವು. ಐದು ಸೂಜಿ ಮುರಿದೆ, ಎರಡು ಬೆರಳು ಸುಟ್ಟುಕೊಂಡೆ. ಕೊನೆಗೆ ಅಂಗಳದ ಬಿಸಿಲಿಗೆ ಹಿಡಿದು ನೋಡಿದರೆ ಅರ್ಧದಷ್ಟು ತೂತುಗಳಲ್ಲಿ ಬೆಳಕು ಕಂಡಿತು. ಉಳಿದವು ಜಪ್ಪಯ್ಯ ಅನ್ನಲಿಲ್ಲ.

ಅಕ್ಕೋರು ಮರಳುವ ದಿನ ನಾನೇ ಕಾಫಿ ಇಳಿಸಲು ಕೂತೆ. ಯಂತ್ರದ ಹಿಡಿಯ ಬಳಿ ಇರುವ ತಿರುಪನ್ನು ಬಿಗಿ ಮಾಡಿದಷ್ಟೂ ಪುಡಿ ಸಣ್ಣಗಾಗುತ್ತದೆ. ಜೋಳದ ಹಿಟ್ಟು ಸಣ್ಣಗಿದ್ದಷ್ಟೂ ರೊಟ್ಟಿ ಚಲೋ ಎಂದು ತಿಳಿದು ಬೆಳೆದವಳು ನಾನು. ಕಾಫಿಗೂ ಅದೇ ಲೆಕ್ಕ ಹಾಕಿ, ಆಗುವಷ್ಟು ಬಿಗಿ ಮಾಡಿ, ಹಿಟ್ಟಿನಂತೆ ಬೀಸಿದೆ. ಕುದಿನೀರು ಹೊಯ್ದೆ. ಅಕ್ಕೋರು ಬಂದರು, ಕೈಕಾಲು ತೊಳೆದರು, ಅವ್ವನ ಹತ್ತಿರ ಊರಿನ ಸುದ್ದಿ ಹೇಳಿದರು. ಅಷ್ಟು ಹೊತ್ತಾದರೂ ಕೆಳಗಿನ ಪಾತ್ರೆಯಲ್ಲಿ ಒಂದು ಚಮಚೆ ಕಷಾಯವೂ ಇಳಿದಿರಲಿಲ್ಲ.

ಅವರು ಮೇಲಿನ ಪಾತ್ರೆಯನ್ನು ಎತ್ತಿ ತಳ ನೋಡಿದರು. ಗೀರುಗಳು, ಸುಟ್ಟ ಕಲೆ, ಹೊಸ ತವರ. “ಇದೇನಾಯ್ತು?” ಎಂದರು. “ತಪ್ಪು ನಂದ್ರಿ ಅಕ್ಕೋರ,” ಎಂದು ಅವ್ವ ಕಲಾಯಿಯ ಕಥೆ ಹೇಳಿದಳು. ತೂತು ಬಿಡಿಸಿದವಳು ನಾನು ಎಂದು ನಾನು ಹೇಳಿದೆ. ಅಕ್ಕೋರು ತಳದ ಮೇಲೆ ಬೆರಳಾಡಿಸಿದರು. ಅವರ ಕಣ್ಣು ತುಂಬಿದ್ದು ಕಂಡು ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ನನ್ನ ಕೈ ಹಿಡಿದು ಸುಟ್ಟ ಬೆರಳುಗಳನ್ನು ನೋಡಿದರು. ಪಾತ್ರೆಯೊಳಗಿನ ಒದ್ದೆ ಪುಡಿಯನ್ನು ಸ್ವಲ್ಪ ತೆಗೆದು ತಿಕ್ಕಿ ನೋಡಿದರು.

“ಇಷ್ಟು ನುಣ್ಣಗೆ ಬೀಸಿದ್ರೆ ಇಳಿಯಲ್ಲ ಕಣೇ. ತೂತು ಬೇರೆ ಕಮ್ಮಿಯಾಗಿದೆ. ನಾಳೆಯಿಂದ ದಪ್ಪಗೆ ಬೀಸು,” ಎಂದರು.

ನಾಳೆಯಿಂದ ಎಂದರು. ನಾನು ಎದ್ದು ಅಡಿಗೆಮನೆಗೆ ಹೋಗಿ, ಬಾಗಿಲ ಹಿಂದೆ ನಿಂತು ಮನದಣಿಯೆ ಅತ್ತೆ.