ಒಂದೇ ಅಕೌಂಟು, ಇಬ್ಬರ ಹಾಡು

"ಸಾರ್, ಈಗ ಏನ್ ಕೇಳ್ತಿದೀರಾ?"

ಇಟ್ಟಮಡುವಿನ ಬೇಕರಿಯೊಂದರ ಮುಂದೆ ಒಂದು ಕೈಯಲ್ಲಿ ಖಾರಾ ಬನ್ನು, ಇನ್ನೊಂದು ಕೈಯಲ್ಲಿ ಟೀ ಹಿಡಿದು ನಿಂತಿದ್ದೆ. ಕೇಳಿದವರು ಈ ಅಂಕಣವನ್ನು ತಪ್ಪದೇ ಓದುವವರು. (ಹಾಗಂತ ಅವರೇ ಹೇಳಿದರು. ನಾನು ಪರೀಕ್ಷೆ ಮಾಡಲು ಹೋಗಲಿಲ್ಲ.) ಹಾಡಿನ ಹುಚ್ಚಿರುವವನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ? ಬನ್ನು ಪಕ್ಕಕ್ಕಿಟ್ಟು ಶುರು ಮಾಡಿದೆ.

ಮೊದಲನೆಯದು ತತ್ವಪದದ ಆಲ್ಬಂ. ಉತ್ತರ ಕರ್ನಾಟಕದ ಇಬ್ಬರು ಹೆಂಗಸರು, ಒಂದು ಏಕತಾರಿ, ಒಂದು ಜೊತೆ ತಾಳ. ಸ್ಟುಡಿಯೋ ಪಾಲಿಶ್ ಏನೂ ಇಲ್ಲ. ಒಬ್ಬಾಕೆಗೆ ಉಸಿರು ಸಾಲದಾದಾಗ ಇನ್ನೊಬ್ಬಾಕೆ ಸಾಲನ್ನು ಎತ್ತಿಕೊಳ್ಳುತ್ತಾಳೆ. ಎಲ್ಲಿ ಎತ್ತಿಕೊಂಡಳು ಅಂತ ಗೊತ್ತೇ ಆಗುವುದಿಲ್ಲ. ಎರಡನೆಯದು ಕ್ಲಾರಿನೆಟ್. ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಊದುತ್ತಿದ್ದ ಹಿರಿಯರೊಬ್ಬರು ಒಂದು ಕಡೆ ಕೂತು ನಿಧಾನವಾಗಿ ರಾಗ ನುಡಿಸಿದ್ದು. ಮೂರನೆಯದು ನಮ್ಮ ಜೆ.ಪಿ. ನಗರದ ಹುಡುಗರ ರಾಕ್ ಬ್ಯಾಂಡ್. ಟ್ರಾಫಿಕ್ಕು, ಪಿಜಿ ಊಟ, ಬ್ರೇಕಪ್ಪು, ಎಲ್ಲದರ ಮೇಲೂ ಗಿಟಾರ್ ಹಿಡಿದು ರೇಗಾಡುತ್ತಾರೆ. ಒಮ್ಮೆ ಕೇಳಿದರೆ ಇಡೀ ದಿನ ಕಾಲು ಸುಮ್ಮನಿರುವುದಿಲ್ಲ.

"ಸಖತ್ ಟೇಸ್ಟ್ ಸಾರ್ ನಿಮ್ದು! ಎಲ್ಲಿಂದ ಹುಡುಕ್ತೀರಾ ಇವನ್ನೆಲ್ಲಾ?"

"ಕಿವಿ ತೆಗೆದಿಟ್ಕೊಂಡಿದ್ರೆ ಆಯ್ತು. ತಾವಾಗೇ ಸಿಗ್ತವೆ" ಅಂದೆ.

ಎಷ್ಟು ಸಲೀಸಾಗಿ ಬಂತು ನೋಡಿ, ಆ ಸುಳ್ಳು! ಆ ಮೂರರಲ್ಲಿ ಒಂದನ್ನೂ ನಾನು ಹುಡುಕಿದವನಲ್ಲ. ಮೂರೂ ಈರಣ್ಣ ಹುಡುಕಿದ್ದು. ಮನೆಗೆ ನಡೆದು ಬರುವಾಗ ಇದು ತಲೆಗೆ ಬಂತು.

ಈರಣ್ಣ ನನ್ನ ಗೆಳೆಯ. (ಹೆಸರು ಬದಲಿಸಿದ್ದೇನೆ. ಅದು ಅವನದೇ ಕಂಡೀಷನ್.) ಬಾಗಲಕೋಟೆ ಕಡೆಯವನು. ಬೆಂಗಳೂರಿಗೆ ಬಂದ ಹೊಸತರಲ್ಲಿ ಸುದ್ದಗುಂಟೆಪಾಳ್ಯದ ಒಂದು ಬಾಡಿಗೆ ರೂಮಿನಲ್ಲಿ ನನ್ನ ಜೊತೆ ಇದ್ದ. ಆಗ ಇಬ್ಬರಿಗೂ ಸೇರಿ ಫೋನಿನಲ್ಲಿ ಹಾಡು ಕೇಳುವ ಒಂದು ಅಕೌಂಟು ಮಾಡಿಕೊಂಡಿದ್ದೆವು. ನಮ್ಮೂರಿನಲ್ಲಿ ಇದೇನು ಹೊಸದೇ? ಹಿಂದೆ ಪಕ್ಕದ ಮನೆಯಿಂದ ಹೆಪ್ಪು ಕೇಳಿ ತರುತ್ತಿದ್ದೆವು, ಈಗ ಪಾಸ್‌ವರ್ಡ್ ಕೇಳಿ ತರುತ್ತೇವೆ. ತೊಂದರೆ ಒಂದೇ. ಆ ಅಕೌಂಟಿನಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ ಕೇಳಬಹುದು. ಅವನು ಹಾಡು ಹಾಕಿದರೆ ನನ್ನದು ಬಂದ್. ನಾನು ಹಾಕಿದರೆ ಅವನದು ಬಂದ್.

ಅವನಿಗೆ ಮದುವೆಯಾಯಿತು. ಅವನು ಅಲ್ಲೇ ಹಿಂದಿನ ರಸ್ತೆಯಲ್ಲಿ ಮನೆ ಮಾಡಿದ. ನಾನು ಬನಶಂಕರಿಗೆ ಬಂದೆ. ಅಕೌಂಟು ಮಾತ್ರ ಒಡೆಯಲಿಲ್ಲ. ಅವನು ಕೇಳಿದ್ದೆಲ್ಲ ನನ್ನ ಫೋನಿನಲ್ಲೂ 'ಇತ್ತೀಚೆಗೆ ಕೇಳಿದ್ದು' ಅಂತ ಸಾಲಾಗಿ ಕಾಣುತ್ತಿತ್ತು. ಏನಪ್ಪಾ ಇದು ಅಂತ ಒತ್ತುತ್ತಿದ್ದೆ, ಹುಚ್ಚು ಹಿಡಿಸಿಕೊಳ್ಳುತ್ತಿದ್ದೆ. ನನ್ನ ಪಕ್ಕದ ಬಡಾವಣೆಯ ಹುಡುಗರ ಬ್ಯಾಂಡನ್ನು ನನಗೆ ತೋರಿಸಿಕೊಟ್ಟವನು ಬಾಗಲಕೋಟೆಯವನು ಅಂದರೆ ನೀವೇ ಯೋಚನೆ ಮಾಡಿ.

ಇಷ್ಟೆಲ್ಲ ಇದ್ದವರು ಮಾತು ಬಿಟ್ಟೆವು. ಕಾರಣ ಈ ಅಂಕಣ.

ಹಳೆಯ ಓದುಗರಿಗೆ ನೆನಪಿರಬಹುದು. ಅವನ ತಾಯಿ ಊರಿಂದ ರೊಟ್ಟಿಯ ದೊಡ್ಡ ಗಂಟು ಹೊತ್ತು ಬಂದು, ಬಿಲ್ಡಿಂಗಿನ ಪ್ರತಿ ಮನೆಯ ಬಾಗಿಲು ತಟ್ಟಿ ರೊಟ್ಟಿ, ಶೇಂಗಾ ಚಟ್ನಿ ಹಂಚಿದ್ದನ್ನು ಬರೆದಿದ್ದೆ. ಚೈನು ತೆಗೆಯದೆ ಬಾಗಿಲ ಸಂದಿಯಿಂದಲೇ ಇಣುಕಿದ ಬೆಂಗಳೂರಿನವರ ಮುಖ, ಅವ್ವನ ಗಟ್ಟಿ ದನಿ, ಅವರ ಮಾತಿನ ಧಾಟಿ, ಎಲ್ಲವನ್ನೂ ಅಣಕಿಸಿ ಬರೆದಿದ್ದೆ. ಜನ ಬಿದ್ದು ಬಿದ್ದು ನಕ್ಕರು. ಈರಣ್ಣ ಫೋನ್ ಮಾಡಿದ.

"ನಗಸಾಕ ನಿನಗ ನಮ್ಮವ್ವನ ಬೇಕಾಗಿದ್ಲೇನು?"

"ಏಯ್, ಪ್ರೀತಿಯಿಂದ ಬರ್ದಿದ್ದು ಮಗಾ. ಇಷ್ಟಕ್ಕೆಲ್ಲಾ ಸೀರಿಯಸ್ ಆಗ್ತೀಯಾ?"

ಫೋನ್ ಇಟ್ಟುಬಿಟ್ಟ. ನಾನೂ ಬಿಗಿದುಕೊಂಡೆ. ತಮಾಷೆ ಅರ್ಥವಾಗದವನ ಜೊತೆ ಏನು ಮಾತು ಅಂದುಕೊಂಡೆ.

ಆಮೇಲೆ ನಮ್ಮ ನಡುವೆ ಉಳಿದದ್ದು ಅಕೌಂಟು ಒಂದೇ. ಅವನು ಬದುಕಿದ್ದಾನೆ ಅಂತ ನನಗೆ ಗೊತ್ತಾಗುತ್ತಿದ್ದದ್ದು ಅವನು ಕೇಳಿದ ಹಾಡಿನಿಂದ. ಶ್ರಾವಣ ಕಳೆದ ಮೇಲೆ ಒಂದು ಬದಲಾವಣೆ ಕಂಡಿತು. ಕ್ಲಾರಿನೆಟ್ ಇಲ್ಲ, ರಾಕ್ ಇಲ್ಲ. ದಿನಾ ಸಂಜೆ ಅದೇ ಹೊತ್ತಿಗೆ ಅದೇ ತತ್ವಪದ. ಸರಿಯಾಗಿ ನಾನು ಪಾರ್ಕಿಗೆ ವಾಕಿಂಗ್ ಹೋಗುವ ಹೊತ್ತು! ಕಿವಿಯಲ್ಲಿ ಜೆ.ಪಿ. ನಗರದ ಹುಡುಗರು ಗಿಟಾರ್ ಎತ್ತುತ್ತಿದ್ದ ಹಾಗೇ ಹಾಡು ಕಟ್. 'ಬೇರೊಂದು ಡಿವೈಸಿನಲ್ಲಿ ಕೇಳಲಾಗುತ್ತಿದೆ' ಅಂತ ಒಂದು ಸಾಲು. ಮೊದಮೊದಲು ನಾನೇ ಸೋತು ಸುಮ್ಮನಾಗುತ್ತಿದ್ದೆ.

ಆದರೆ ಒಂದು ದಿನ ಹೊಸ ಹೆಡ್‌ಫೋನ್ ಹಾಕಿಕೊಂಡು ಹೋಗಿದ್ದೆ. (ಹೊಸ ಹೆಡ್‌ಫೋನ್ ಕೊಂಡವನ ಜಂಬ ಕೊಂಡವನಿಗೇ ಗೊತ್ತು.) ಹಾಡು ನಿಂತಿತು. ನಾನು ಮತ್ತೆ ಹಾಕಿದೆ. ಅವನು ಮತ್ತೆ ನಿಲ್ಲಿಸಿದ. ನಾನು ಹಾಕಿದೆ, ಅವನು ನಿಲ್ಲಿಸಿದ. ಬೇಕಂತಲೇ ಕಾಡುತ್ತಿದ್ದಾನೆ ಅಂತ ರೇಗಿಹೋಯಿತು. ಬೆಂಚಿನ ಮೇಲೆ ಕೂತು ಆಟಕ್ಕೆ ಬಿದ್ದವನ ಹಾಗೆ ಒತ್ತಿದ್ದೇ ಒತ್ತಿದ್ದು. ಕೊನೆಗೆ ಆ ಕಡೆ ಸುಮ್ಮನಾಯಿತು. ಗೆದ್ದೆ! ಇಡೀ ಆಲ್ಬಂ ಕೇಳಿಕೊಂಡೇ ಮನೆಗೆ ಬಂದೆ.

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಬಂದವನು ಪಾಸ್‌ವರ್ಡ್ ಬದಲಿಸಿದೆ. ಎಲ್ಲ ಡಿವೈಸುಗಳಿಂದಲೂ ಹೊರಗೆ ಹಾಕಬೇಕೇ ಅಂತ ಆ ಆ್ಯಪ್ ಮರ್ಯಾದೆಯಿಂದ ಕೇಳಿತು. ಯಂತ್ರಕ್ಕಿದ್ದ ಅನುಮಾನ ನನಗಿರಲಿಲ್ಲ. ಹೂಂ ಅಂದೆ.

ಅಂದಿನಿಂದ ನನ್ನ ಹಾಡು ಯಾರೂ ನಿಲ್ಲಿಸಿಲ್ಲ. ಹೊಸ ಹಾಡೂ ಬಂದಿಲ್ಲ. ಬೇಕರಿಯ ಮುಂದೆ ಹೇಳಿಕೊಂಡ ಮೂರು ಆಲ್ಬಂ ಆಗಿನವೇ, ತಂಗಳು. ನಾನು ಅವನ್ನೇ ಬಿಸಿ ಮಾಡಿಕೊಂಡು ಕೇಳುತ್ತಿದ್ದೆ.

ಬೇಕರಿಯಿಂದ ಬಂದ ಮಾರನೇ ದಿನ ಭಾನುವಾರ. ತಡೆಯಲಾಗಲಿಲ್ಲ, ಅವನ ಮನೆಗೆ ಹೋದೆ. ಹೊಸ ಪಾಸ್‌ವರ್ಡ್ ಹೇಳಿ, ಒಂದೆರಡು ಬೈಗುಳ ತಿಂದು, ರಾಜಿಯಾಗಿ ಬರುವುದು ಅಂತ ಲೆಕ್ಕ ಹಾಕಿದ್ದೆ. ಬಾಗಿಲು ತೆಗೆದವನು ಈರಣ್ಣನೇ. ಅವನ ಹಿಂದಿನ ಗೋಡೆಯಲ್ಲಿ ಅವ್ವನ ಫೋಟೋ ಇತ್ತು. ಫೋಟೋಕ್ಕೆ ಹಾರ ಹಾಕಿತ್ತು.

ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದೆ.

"ಯಾಕೋ ನಂಗೆ ಹೇಳ್ಲಿಲ್ಲ?"

"ಹೇಳಿದ್ರ ಬರೀತಿದ್ದಿ" ಅಂದ.

ಸಿಟ್ಟಿನಿಂದ ಅನ್ನಲಿಲ್ಲ. ಊಟ ಆಯ್ತಾ ಅಂತ ಕೇಳುವಷ್ಟೇ ಸಹಜವಾಗಿ ಅಂದ. ಕಪಾಳಕ್ಕೆ ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

ಒಳಗಿಂದ ಅವನ ಹೆಂಡತಿ ನೀರು ತಂದುಕೊಟ್ಟರು. ನಾನು ಅವರನ್ನು ಅವರ ಕಡೆಯವರ ಹಾಗೇ ವೈನಿ (ನಮ್ಮ ಕಡೆಯ ಅತ್ತಿಗೆ) ಅನ್ನುತ್ತೇನೆ. ಈರಣ್ಣ ಎದ್ದು ಬಾಲ್ಕನಿಗೆ ಹೋದ. ವೈನಿಯೇ ಹೇಳಿದರು. ಅತ್ತೆಗೆ ಹುಷಾರಿರಲಿಲ್ಲ, ತೋರಿಸಲು ಇಲ್ಲಿಗೆ ಕರೆತಂದಿದ್ದರು. ಹಾಸಿಗೆ ಹಿಡಿದಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಆ ತತ್ವಪದ ಕೇಳಿದರೆ ಮಾತ್ರ ಸಮಾಧಾನ. ಊರಿನ ಸೋಮವಾರದ ಭಜನೆಯಲ್ಲಿ ವರ್ಷಾನುಗಟ್ಟಲೆ ಹಾಡಿದವರು. ಮಲಗಿದಲ್ಲೇ ಬೆರಳಲ್ಲಿ ತಾಳ ಹಾಕುತ್ತಾ ತಾವೂ ದನಿಗೂಡಿಸುತ್ತಿದ್ದರು.

"ಅವತ್ತ ಪದಾ ನಿಂತ್ ನಿಂತ್ ಹೋಗ್ತಿತ್ರೀ. ಯಾಕೋ ಅಂದ್ರು ಅತ್ತಿ. ಇವ್ರು, 'ಆ ಕಡೆ ಅಂವ ಕೇಳಾಕತ್ತಾನವ್ವಾ, ಅದಕ ನಿಲ್ತೈತಿ' ಅಂದ್ರು. 'ಯಾರು, ನಮ್ಮ ಬೆಂಗ್ಳೂರ್ ತಮ್ಮಾನ?' ಅಂತ ಕೇಳಿದ್ರು. ಹೂಂ ಅಂದ್ರ, 'ಬಿಡು ಮತ್ತ, ಅಂವಂದು ಮುಗೀಲಿ' ಅಂದ್ರು."

ಭಜನೆಯಲ್ಲಿ ಒಬ್ಬರ ಪದ ಮುಗಿಯುವ ತನಕ ಇನ್ನೊಬ್ಬರು ತಾಳ ಮುಟ್ಟುವುದಿಲ್ಲವಂತೆ. ಅದು ಅವರ ಪದ್ಧತಿ. ಮುಗಿಸುವ ತನಕ ಕಾಯಬೇಕು, ಆಮೇಲೆ ನಮ್ಮದು. ಬೇರೆ ಕಡೆಯಿಂದ ಹುಡುಕಿ ಹಚ್ಚುತ್ತೇನೆ ಅಂತ ಮಗ ಹೇಳಿದರೂ ಅವ್ವ ಬೇಡ ಅಂದರಂತೆ.

ಪಾರ್ಕಿನ ಬೆಂಚಿನ ಮೇಲೆ ಕೂತು ನಾನು ಗೆದ್ದೆ ಅಂದುಕೊಂಡದ್ದು ಇದನ್ನು! ನಾನು ಗೆಲ್ಲಲಿಲ್ಲ. ಹಾಸಿಗೆ ಹಿಡಿದ ಹೆಂಗಸೊಬ್ಬರು ತಮ್ಮ ಸರದಿಯನ್ನು ನನಗೆ ಬಿಟ್ಟುಕೊಟ್ಟಿದ್ದರು. ಅವರ ಮಾತನ್ನು ಊರಿಗೆಲ್ಲ ಹಂಚಿ ನಗಿಸಿದವನಿಗೆ. ನಾಚಿಕೆ ಅನ್ನುವುದು ಮೈಗೆ ಹೀಗೆ ಬಿಸಿಯಾಗಿ ತಟ್ಟುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

"ಹೊಸ ಪಾಸ್‌ವರ್ಡ್ ಹೇಳೋಣ ಅಂತ ಬಂದೆ" ಅಂತ ಬಾಲ್ಕನಿಗೆ ಹೋಗಿ ಈರಣ್ಣನಿಗೆ ಹೇಳಿದೆ. ಎಂಥ ಪೆದ್ದ ಮಾತು ಅಂತ ಹೇಳುವಾಗಲೇ ಅನ್ನಿಸಿತು.

"ಬ್ಯಾಡ ಬಿಡು. ಈಗ ಯಾರ್ ಕೇಳ್ತಾರ?"

ಕೆಳಗಿನ ರಸ್ತೆ ನೋಡುತ್ತಲೇ ಅವನು ಕೇಳಿದ. "ಇದನ್ನೂ ಬರೀತಿಯೇನು?"

"ನೀನು ಬೇಡ ಅಂದ್ರೆ ಬರೆಯಲ್ಲ."

"ಬರಿ. ಅವ್ವ ಅವತ್ತಿಂದು ಓದಿಸ್ಕೊಂಡು ನಕ್ಕಿದ್ಲು, ನನ್ನ ರೊಟ್ಟಿ ಪೇಪರ್‌ನ್ಯಾಗ ಬಂದಾವ ಅಂತ. ಸಿಟ್ಟು ಬಂದಿದ್ದು ನನಗ. ಬರಿ, ನನ್ನ ಹೆಸರ ಹಾಕಬ್ಯಾಡ. ಮತ್ತ ನಗಸಬ್ಯಾಡ."

ಅದಕ್ಕೇ ಈ ವಾರ ನಿಮಗೆ ನಗು ಇಲ್ಲ. ಕ್ಷಮಿಸಿ. ಈಗ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಹಾಡು ಹಾಕುವುದಿಲ್ಲ. ಹೆಡ್‌ಫೋನ್ ಮನೆಯಲ್ಲಿಟ್ಟು ವಾಕಿಂಗ್ ಹೋಗುತ್ತೇನೆ. ಅಕೌಂಟು ಆ ಹೊತ್ತಿಗೆ ಖಾಲಿ ಇರುತ್ತದೆ. ಇದರಿಂದ ಯಾರಿಗೂ ಏನೂ ಆಗುವುದಿಲ್ಲ ಅಂತ ನನಗೂ ಗೊತ್ತು.

ಅವತ್ತು ಹೊರಟಾಗ ವೈನಿ ಮೆಟ್ಟಿಲ ತನಕ ಬಂದರು. ಪಾಸ್‌ವರ್ಡ್ ಬದಲಾಗಿದೆ ಅಂತ ಈರಣ್ಣ ತಾಯಿಗೆ ಹೇಳಲೇ ಇಲ್ಲವಂತೆ. ನನ್ನ ಮಾನ ಉಳಿಸಲು, "ಅಂವ ಇನ್ನಾ ಕೇಳಾಕತ್ತಾನವ್ವಾ" ಅಂತಲೇ ಅಂದನಂತೆ. ಆಸ್ಪತ್ರೆಗೆ ಸೇರಿಸುವ ತನಕ ಅವ್ವ ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಕೇಳುತ್ತಿದ್ದದ್ದು ಒಂದೇ ಮಾತು:

"ಅಂವಂದು ಇನ್ನಾ ಮುಗೀಲಿಲ್ಲೇನೋ?"