ಹಲ್ಲುನೋವಿನ ರಜೆ

2001ರ ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ನನ್ನ ರೂಮ್‌ಮೇಟ್ ಹಲಸೂರಿನ ನಮ್ಮ ಕೋಣೆಯಿಂದ ಕೆಲಸದ ಸಂದರ್ಶನಕ್ಕೆ ಹೊರಟರು. ಎಡಗೆನ್ನೆಯ ಬಾವು ದವಡೆ ದಾಟಿ ಕುತ್ತಿಗೆಗೆ ಇಳಿದಿತ್ತು. ಅಂಗಿಯ ಮೇಲಿನ ಗುಂಡಿ ಕೂಡಲಿಲ್ಲ. ಅದನ್ನು ಹಾಗೆಯೇ ಬಿಟ್ಟು, ಮೇಲೆ ಟೈ ಕಟ್ಟಿ ಮುಚ್ಚಿಕೊಂಡರು. ಗುರುವಾರ ಆಸ್ಪತ್ರೆಯಲ್ಲಿ ತೀರಿಕೊಂಡರು.

ಅವರು ಹುಮನಾಬಾದ್ ಕಡೆಯವರು, ನನಗಿಂತ ಹಿರಿಯರು. ಇಂದಿರಾನಗರದ ಒಂದು ಬಂಗಲೆಯಲ್ಲಿದ್ದ ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಜಿನಿಯರ್. ನಾನು ಪತ್ರಿಕೆಯೊಂದರಲ್ಲಿ ಸಂಜೆ ಪಾಳಿಯವನು, ಬೆಳಿಗ್ಗೆ ಬಿಡುವು. ಆ ವರ್ಷ ಅವರ ಕಂಪನಿಯ ಅಮೆರಿಕದ ಗಿರಾಕಿಗಳು ಒಬ್ಬೊಬ್ಬರಾಗಿ ಕೈಬಿಡುತ್ತಿದ್ದರು. ಶುಕ್ರವಾರ ಸಂಜೆ ಕೆಲವರನ್ನು ಒಳಗೆ ಕರೆಯುತ್ತಿದ್ದರು. ಸೋಮವಾರ ಅವರ ಕುರ್ಚಿ ಖಾಲಿ ಇರುತ್ತಿತ್ತು.

"ಕೆಲಸ ಇದ್ದಾಗನ ಕೆಲಸ ಹುಡುಕಬೇಕ್ರಿ," ಎನ್ನುತ್ತಿದ್ದರು ಅವರು. "ಮನ್ಯಾಗ ಕುಂತವನ್ನ ಯಾರೂ ಕರೆಯಂಗಿಲ್ಲ."

ತಯಾರಿ ನಡೆಯುತ್ತಿದ್ದುದು ಆಫೀಸಿಗೆ ಹೊರಡುವ ಮೊದಲು. ಕುಕ್ಕರ್ ಇಟ್ಟು, ಗಡ್ಡಕ್ಕೆ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತು, ಪ್ರಶ್ನೆಗಳ ಹಾಳೆಯನ್ನು ನನ್ನ ಕೈಗೆ ಕೊಡುತ್ತಿದ್ದರು. ನಾನು ಓದಿ ಕೇಳಬೇಕು, ಅವರು ಉತ್ತರಿಸಬೇಕು. ಪ್ರಶ್ನೆಯೂ ಉತ್ತರವೂ ನನಗೆ ತಿಳಿಯುತ್ತಿರಲಿಲ್ಲ.

"ತಿಳಿಯೂದು ಬ್ಯಾಡ್ರಿ. ತಿಳಿದವರ ಮಾರಿ ಮಾಡಿ ಕೇಳ್ರಿ, ಸಾಕು. ಅಲ್ಲಿ ಕೇಳೋರೂ ಹಂಗ ಇರ್ತಾರ."

ಬಾರದ ಪ್ರಶ್ನೆಗೆ ಅವರು ತಡವರಿಸುತ್ತಿರಲಿಲ್ಲ. "ಗೊತ್ತಿಲ್ಲ ಅನ್ನೂದನ್ನ ಮೊದಲನೇ ವಾಕ್ಯದಾಗ ಹೇಳಿಬಿಡಬೇಕ್ರಿ. ಕಡೀಗೆ ಇಟ್ಟರ ಸುಳ್ಳು ಹೇಳಿದಂಗ ಕೇಳಸ್ತದ." ನನ್ನ ವರದಿಗಳಲ್ಲಿ ಇಂದಿಗೂ ಆ ಕ್ರಮವಿದೆ. ಅದು ಅವರಿಂದ ಬಂದದ್ದು.

ಸಂದರ್ಶನಕ್ಕೆ ರಜೆ ಬೇಕು. ನಿಜವಾದ ಕಾರಣ ಹೇಳುವಂತಿಲ್ಲ. ಅವರ ಆಫೀಸಿನಲ್ಲಿ ಇದಕ್ಕೊಂದು ಮಾತು ರೂಢಿಯಾಗಿತ್ತು: ಹಲ್ಲುನೋವು. ಜ್ವರವೆಂದರೆ ಮೈ ಮುಟ್ಟಿ ನೋಡಬಹುದು, ಬಾಯಿ ತೆರೆಸಿ ಯಾರೂ ನೋಡುವುದಿಲ್ಲ. ಹಲ್ಲುನೋವೆಂದರೆ ಏನೆಂದು ಟೀಮ್ ಲೀಡ್‌ಗೂ ಗೊತ್ತಿತ್ತು. ಅವರೂ ಅದೇ ಕಾರಣ ಹೇಳಿ ಹೋಗಿ ಬಂದವರೇ.

ನನ್ನ ರೂಮ್‌ಮೇಟ್‌ಗೆ ನಿಜವಾದ ಹಲ್ಲುನೋವು ಶುರುವಾದದ್ದು ಆ ಸೋಮವಾರಕ್ಕೆ ಮುಂಚಿನ ವಾರ. ಲವಂಗ ಕಚ್ಚಿಕೊಂಡು ಆಫೀಸಿಗೆ ಹೋಗುತ್ತಿದ್ದರು. ಶುಕ್ರವಾರ ಕೆನ್ನೆ ಊದಿ ಬಾಯಿ ಅರ್ಧವಷ್ಟೇ ತೆರೆಯಿತು. ಕೆರೆಯ ಬಳಿಯ ಎಸ್‌ಟಿಡಿ ಬೂತಿನಿಂದ ಟೀಮ್ ಲೀಡ್‌ಗೆ ಫೋನ್ ಮಾಡಿದರು. ರಿಸೀವರನ್ನು ಮುಖಕ್ಕೆ ತಾಗದಂತೆ ದೂರ ಹಿಡಿದಿದ್ದರಿಂದ ಆಚೆಯ ಮಾತು ಪಕ್ಕದಲ್ಲಿದ್ದ ನನಗೂ ಕೇಳಿತು.

"ಸರ್, ಹಲ್ಲುನೋವು."

"ಸೋಮವಾರಕ್ಕೆ ಒಂದು ಹಲ್ಲುನೋವು ಆಗ್ಲೇ ತಗೊಂಡಿದ್ದೀಯಲ್ಲ. ಬಾಯಲ್ಲಿ ಇನ್ನೆಷ್ಟು ಹಲ್ಲಿದೆ ಗುರು?"

"ಇದು ಖರೇನ ಹಲ್ಲುನೋವು ಸರ್."

ಆಚೆ ನಗು ಕೇಳಿತು. "ಎಲ್ರದ್ದೂ ಖರೇನೇ ಮಗಾ. ಇವತ್ತು ಶುಕ್ರವಾರ, ಮೇಲಿನವ್ರು ಯಾರ‍್ಯಾರು ಸೀಟಲ್ಲಿದ್ದಾರೆ ಅಂತ ನೋಡ್ತಾರೆ. ನಿನ್ ಒಳ್ಳೇದಕ್ಕೇ ಹೇಳ್ತಿದ್ದೀನಿ, ಬಂದ್ಬಿಡು."

ಹೋದರು. ಅಂದು ಸಂಜೆ ಅವರನ್ನು ಯಾರೂ ಒಳಗೆ ಕರೆಯಲಿಲ್ಲ.

ಶನಿವಾರ ಹಲಸೂರಿನಲ್ಲೇ ದಂತವೈದ್ಯೆಯೊಬ್ಬರ ಬಳಿ ಹೋದೆವು. ಅವರು ಬೆರಳಿನಿಂದ ಗದ್ದದ ಕೆಳಗೆ ಒತ್ತಿ ನೋಡಿ ಕೈ ತೊಳೆದುಕೊಂಡರು.

"ಕೀವು ಕೆಳಗೆ ಇಳೀತಾ ಇದೆ. ಇಲ್ಲಿ ಆಗಲ್ಲ. ಈಗ್ಲೇ ದೊಡ್ಡಾಸ್ಪತ್ರೆಗೆ ಹೋಗಿ ಅಡ್ಮಿಟ್ ಆಗಿ."

"ಸೋಮವಾರ ಮಧ್ಯಾಹ್ನ ಆಗ್ತೀನ್ರಿ ಮೇಡಂ. ಈಗ ಕೊಯ್ದರ ಮಾತಾಡೂದು ಹ್ಯಾಂಗ?"

"ಮಾತು ಬಿಡಿ. ಗಂಟಲಿಗೆ ಬಂದ್ರೆ ಉಸಿರಾಡೋದು ಹೇಗೆ, ಅದನ್ನ ಯೋಚ್ನೆ ಮಾಡಿ."

ಮಾತ್ರೆ ಬರೆಸಿಕೊಂಡು ಕೋಣೆಗೆ ಬಂದರು. ಅಡ್ಮಿಟ್ ಆಗಲು ನಾನೂ ಹೇಳಿದೆ. "ಆ ಕಂಪನಿ ಮತ್ತ ಕರೆಯಂಗಿಲ್ರಿ. ಹಲ್ಲು ಎಲ್ಲಿಗೂ ಹೋಗಂಗಿಲ್ಲ," ಎಂದರು.

ಭಾನುವಾರ ಎಂದಿನಂತೆ ಹಾಳೆ ಕೊಟ್ಟರು. ಉತ್ತರಗಳು ಚಿಕ್ಕವಾಗಿದ್ದವು. ನಾಲಿಗೆ ಮೇಲೆದ್ದು ನಿಂತಂತಿತ್ತು. ನೀರು ನುಂಗಲು ತಲೆ ವಾಲಿಸುತ್ತಿದ್ದರು. ಕೆಲವು ಪದಗಳು ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಅಂಥ ಪದ ಬಾರದ ಹಾಗೆ ವಾಕ್ಯವನ್ನು ಬದಲಿಸಿ ಮತ್ತೆ ಮತ್ತೆ ಹೇಳಿ ನೋಡಿದರು.

ಸಂದರ್ಶನ ಇದ್ದದ್ದು ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದಿಂದ ಆಚೆ, ಹೊಸ ಕಂಪನಿಗಳಿದ್ದ ಕಡೆ. ಅದನ್ನು ಮುಗಿಸಿ, ಹೇಳಿದಂತೆ ಮಧ್ಯಾಹ್ನ ತಾವೇ ಆಸ್ಪತ್ರೆಗೆ ಹೋಗಿ ಸೇರಿಕೊಂಡರು. ನಾನು ಹೋದಾಗ ಟೈ ಬಿಚ್ಚಿ ದಿಂಬಿನ ಕೆಳಗೆ ಇಟ್ಟಿದ್ದರು. ಮಾತು ನಿಂತಿತ್ತು. ಹೇಗಾಯಿತು ಎಂದು ಕೇಳಿದೆ. ಅಂಗೈ ಮೇಲೆ ಮಾಡಿ ಗೊತ್ತಿಲ್ಲವೆಂದು ಸನ್ನೆ ಮಾಡಿದರು. ಅಂದು ಸಂಜೆ ಉಸಿರಾಟಕ್ಕಾಗಿ ಗಂಟಲು ಕೊಯ್ದು ಕೊಳವೆ ಹಾಕಿದರು. ಸೋಂಕು ಎದೆಗೆ ಇಳಿದಿದೆ ಎಂದು ಮರುದಿನ ವೈದ್ಯರು ತಿಳಿಸಿದರು.

ಬುಧವಾರ ಟೀಮ್ ಲೀಡ್ ಬಂದರು. ವಾರ್ಡಿನ ಬಾಗಿಲಲ್ಲೇ ನಿಂತು, ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು: "ನಿಜವಾಗ್ಲೂ ಹಲ್ಲುನೋವಾ?"

ಆ ಸಂದರ್ಶನದಲ್ಲಿ ನನ್ನ ರೂಮ್‌ಮೇಟ್ ಆಯ್ಕೆಯಾಗಿದ್ದರೇ ಎಂಬುದು ಗೊತ್ತಿಲ್ಲ. ಅರ್ಜಿಯಲ್ಲಿ ಅವರು ಬೂತಿನ ನಂಬರ್ ಕೊಟ್ಟಿದ್ದರು. ಅಲ್ಲಿಗೆ ಯಾವ ಕರೆಯೂ ಬರಲಿಲ್ಲ. ಮೂರು ವರ್ಷಗಳ ನಂತರ ಅವರ ಆಫೀಸಿನ, ನನಗೆ ಮುಖಪರಿಚಯವಿದ್ದ ಎಂಜಿನಿಯರ್ ಒಬ್ಬರು ಟಿನ್ ಫ್ಯಾಕ್ಟರಿಯ ಬಸ್ ನಿಲ್ದಾಣದಲ್ಲಿ ಸಿಕ್ಕರು. ಹೊಸ ಟೈ, ಪಾಲಿಶ್ ಮಾಡಿದ ಶೂ. ಆಫೀಸಿಗೆ ಏನು ಹೇಳಿ ಬಂದಿರಿ ಎಂದು ಕೇಳಿದೆ.

"ಹಲ್ಲುನೋವು ಅಂತ ನಮ್ಮಲ್ಲಿ ಈಗ ಯಾರೂ ಹೇಳಲ್ಲ ಸರ್," ಎಂದರು. "ಹೊಟ್ಟೆನೋವು ಅಂತೀವಿ."