ಕಮಲಾಪುರಕ್ಕೆ ಒಯ್ದ ಬಾಳೆಹಣ್ಣು

ಬೆಳಿಗ್ಗೆ ಕಲಬುರಗಿಯ ಸೇಡಂ ರಸ್ತೆಯ ಮನೆಯಿಂದ ಆಟೋದಲ್ಲಿ ಬಸ್‌ಸ್ಟ್ಯಾಂಡಿಗೆ ಬಂದು ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಹತ್ತಿದೆ. ಕೈಚೀಲದಲ್ಲಿ ಬಣ್ಣದ ಡಬ್ಬಿ, ಮಡಿಲಲ್ಲಿ ಟವೆಲ್ ಸುತ್ತಿದ ಒಂದು ಚಿಪ್ಪು ಕೆಂಪು ಬಾಳೆಹಣ್ಣು. ಪ್ಲಾಸ್ಟರಿನದು. ಆಧಾರ್ ಕಾರ್ಡ್ ನೋಡಿ ಪುಕ್ಕಟೆ ಟಿಕೆಟ್ ಕೊಟ್ಟ ಕಂಡಕ್ಟರ್ ಟವೆಲ್ಲಿನೊಳಗೆ ಇಣುಕಿದ.

"ಕಮಲಾಪುರಕ್ಕ ಬಾಳಿಹಣ್ಣು ಒಯ್ಯಾಕತ್ತೀರೇನ್ರಿ ಅವ್ವಾರ?"

"ನೀ ಹುಟ್ಟೋಕಿಂತ ಮೊದಲಿನ ಹಣ್ಣಪ್ಪಾ, ಇನ್ನೂ ಕೆಟ್ಟಿಲ್ಲ," ಎಂದೆ. ಸುತ್ತಲಿನವರೆಲ್ಲ ನಕ್ಕರು.

ಕೆಟ್ಟಿರಲಿಲ್ಲ ನಿಜ, ಬಣ್ಣ ಮಾತ್ರ ಹೋಗಿತ್ತು. ಊರಿನ ಒಂದು ಸಣ್ಣ ವಸ್ತುಸಂಗ್ರಹಾಲಯದಲ್ಲಿ ನಾನು ಚಿತ್ರಕಲಾವಿದೆಯಾಗಿದ್ದೆ, ರಜಿಯಾ ಆಪಾ ಸಸ್ಯವಿಜ್ಞಾನದವಳು. ಅಲ್ಲಿಯ ಬಾಳೆಗೊನೆ ನಾವಿಬ್ಬರೂ ಕೂಡಿ ಮಾಡಿದ್ದು; ಮಡಿಲಲ್ಲಿದ್ದ ಚಿಪ್ಪು ಅದರದೇ. ಈಗ ಹೊಸ ಸಾಹೇಬರು, "ನೀವಿಬ್ರೂ ಬಂದು ಸರಿ ಮಾಡಿಕೊಟ್ರ ಇಡೋಣ್ರಿ, ಇಲ್ಲಂದ್ರ ತೆಗೆದು ಟಿವಿ ಹಚ್ಚತೀವಿ" ಎಂದಿದ್ದರು. ನನ್ನ ಕೈಯೋ, ಚಹಾದ ಕಪ್ಪು ಹಿಡಿದರೂ ನಡುಗುತ್ತದೆ. ಆಪಾನೂ ಒಲ್ಲೆ ಎಂದರೆ ಮುಗಿಯಿತು.

ಕಪನೂರ ದಾಟಿದ ಮೇಲೆ ಎರಡೂ ಕಡೆ ತೊಗರಿ ಹೊಲ. ಹೊತ್ತೇರುವ ಮೊದಲೇ ಬಿಸಿಲು ಕಿಟಕಿಯ ಸರಳು ಮುಟ್ಟಗೊಡಲಿಲ್ಲ. ಕಮಲಾಪುರದಲ್ಲಿಳಿದು, ಸ್ಟ್ಯಾಂಡಿನೆದುರು ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದು, ಆಪಾ ಇರುವ ಅವಳ ತಮ್ಮನ ಮನೆಗೆ ನಡೆದೆ.

"ಅರೇ ಸುಶೀಲಾ! ದಾರಿ ತಪ್ಪಿ ಬಂದೀ ಏನ?" ಎಂದು ತಬ್ಬಿಕೊಂಡಳು. ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿ ನನ್ನ ಮಾತೆಲ್ಲ ಕೇಳಿದಳು. ಆಮೇಲೆ, "ಕಣ್ಣು ಮಂಜಾಗ್ಯಾವ. ಕೆಂಪು ಯಾವ್ದು, ಕಂದು ಯಾವ್ದು ತಿಳಿವಲ್ದು. ನಾ ಬಂದು ಏನ್ ಮಾಡ್ಲಿ?" ಎಂದಳು.

ನನ್ನ ಕೈ ಚಾಚಿ ತೋರಿಸಿದೆ. ಅವಳು ಅದನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು.

ಮಾತು ಹಳೆಯ ದೊಡ್ಡ ಸಾಹೇಬರ ಕಡೆ ಹೊರಳಿತು. ಎಂಥ ಮನುಷ್ಯ! ಅವರದೊಂದು ಪದ್ಧತಿ: ವಿಜ್ಞಾನದವರು ಮೊದಲು ಬ್ರಷ್ ಹಿಡಿದು ಚಿತ್ರ ತೆಗೆಯಬೇಕು, ಚಿತ್ರಕಾರರು ಶಾಲೆ ಮಕ್ಕಳಿಗೆ ಗಿಡದ ಪಾಠ ಹೇಳಬೇಕು. ಅಲ್ಲಿಯವರೆಗೆ ಕೆಲಸ ಶುರುವಿಲ್ಲ. ಆಪಾ ತೆಗೆದ ಬಾಳೆ ಥೇಟ್ ಬದನೆಕಾಯಿ. ನನ್ನ ಚಿತ್ರದಲ್ಲಿ ಹಣ್ಣೆಲ್ಲ ನೆಲ ನೋಡುತ್ತಿದ್ದವು. "ಗೊನಿ ಕೆಳಗ ಜೋತರೂ ಹಣ್ಣು ಮ್ಯಾಲ ನೋಡ್ತಾವ ಹುಚ್ಚೀ!" ಎಂದು ಅವಳು ಚೀರಿದ್ದು ನೆನೆದು ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕೆವು. ಆ ದಿನಗಳು ಮತ್ತೆ ಬರುವುದಿಲ್ಲವಲ್ಲ ಎಂದು ಸಂಕಟವೂ ಆಯಿತು.

"ಸಾಹೇಬ್ರು ಇದ್ದಿದ್ರ ಇವತ್ತ ಏನಂತಿದ್ರು ಆಪಾ?"

"ಏನಂತಾರ? ಬ್ರಷ್ ನನ್ನ ಕೈಯಾಗ ಕೊಡ್ತಿದ್ರು."

ಹಾಗೆಂದವಳೇ ನನ್ನ ಚೀಲಕ್ಕೆ ಕೈಹಾಕಿದಳು. ಅವಳ ತಮ್ಮನು ತೋಟದಿಂದ ಮಾದರಿಗೆಂದು ಹಣ್ಣು ತಂದು ಅಂಗಳದಲ್ಲಿಟ್ಟ. ನಾನು ನೋಡಿ ಹೇಳಿದೆ, ಅವಳು ಬಣ್ಣ ಕಲಸಿ ಹಚ್ಚಿದಳು.

"ಇನ್ನೊಂಚೂರು ಕಂದು... ಆಪಾ, ಬಣ್ಣ ಹಣ್ಣಿನ ತೊಟ್ಟಿಗೆ ಹತ್ತಿತು!"

"ಹತ್ತಲಿ ಬಿಡು. ನನಗ ಕಾಣಂಗಿಲ್ಲ, ನೀ ಬಾಯಿ ಮುಚ್ಚಿದ್ರ ಯಾರಿಗೂ ತಿಳಿಯಂಗಿಲ್ಲ."

ಸಂಜೆಯ ಬಸ್ಸಿಗೆ ಅವಳೂ ನನ್ನೊಡನೆ ಹತ್ತಿದಳು. ಚಿಪ್ಪನ್ನು ನನ್ನ ಕೈಗೆ ಕೊಡಲಿಲ್ಲ. "ಹಸಿ ಅದ, ಮುಟ್ಟಬ್ಯಾಡ," ಎಂದು ತನ್ನ ಮಡಿಲಲ್ಲೇ ಇಟ್ಟುಕೊಂಡಳು. ಕಣ್ಣು ಕಾಣುವುದಿಲ್ಲ ಎಂದವಳು ಕಲಬುರಗಿ ಬರುವವರೆಗೆ ಅದನ್ನೇ ನೋಡುತ್ತಿದ್ದಳು.